ಉಸುಕಿನ ಅಕ್ಷರ

ರೇಣಮ್ಮನ ಅಂಗಿಯ ಗುಂಡಿಗಳೇ ಗುಟ್ಟು ಬಿಟ್ಟುಕೊಟ್ಟವು.

ಮೊನ್ನೆ ಮೊನ್ನೆಯವರೆಗೂ ಅಂಗಿ ಹಿಡಿದುಕೊಂಡು ಅವ್ವನ ಹಿಂದೆ ಓಡುತ್ತಿದ್ದ ನಾಲ್ಕು ವರ್ಷದ ಹುಡುಗಿ, ಇಂದು ಬೆಳಿಗ್ಗೆ ಐದೂ ಗುಂಡಿಗಳನ್ನು ತಾನೇ ಹಾಕಿಕೊಂಡು ಅಪ್ಪನ ಮುಂದೆ ಬಂದು ನಿಂತಳು. ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಭಗವಂತರಾಯ ನೀರು ಕುಡಿಯದೆ ಹೆಂಡತಿಯ ಮುಖ ನೋಡಿದ.

"ಇದನ್ನೆಲ್ಲ ಯಾರು ಕಲಿಸ್ಯಾರ?"

"ಕೂಸು ದೊಡ್ಡದಾಗಾಕತ್ತೈತಿರಿ," ಎಂದಳು ಬಾಲಮ್ಮ, ರೊಟ್ಟಿ ಬಡಿಯುತ್ತಲೇ.

ಸುರಪುರದಲ್ಲಿ ಮಾಂಟೆಸರಿ ಶಾಲೆ ತೆರೆದು ಮೂರು ತಿಂಗಳಾಗಿತ್ತು. ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷ. ಗಂಡ ಹೆಂಡತಿ ಇಬ್ಬರೂ ಹೋಗಿ ನೋಡಿ ಬಂದಿದ್ದರು. ಪಾಟಿ ಇಲ್ಲ, ಬೆತ್ತ ಇಲ್ಲ. ಮಕ್ಕಳು ಚಾಪೆ ಸುತ್ತುತ್ತಿದ್ದವು, ಹಿತ್ತಾಳೆ ಚೆಂಬು ತಿಕ್ಕುತ್ತಿದ್ದವು, ಹಲಗೆಗೆ ಉಸುಕು ಅಂಟಿಸಿ ಮಾಡಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದವು. ಬಾಲಮ್ಮನಿಗೆ ಬಹಳ ಹಿಡಿಸಿತ್ತು. ಭಗವಂತರಾಯನೂ ಅರ್ಧ ಒಪ್ಪಿದ್ದ. ಆಗ ಶಿಕ್ಷಕಿ ರತ್ನಾಬಾಯಿ ಒಂದು ಹಲಗೆಯನ್ನು ಅವನ ಮುಂದೆ ಹಿಡಿದಳು.

"ನೀವೂ ಬೆರಳಾಡಿಸ್ರಿ ರಾಯರ. ಇದು ಯಾವ ಅಕ್ಷರ, ಹೇಳ್ರಿ ನೋಡೋಣ."

ಅವನು ಕೆಂಡ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ. "ತಹಶೀಲ ಕಚೇರಿ ಗುಮಾಸ್ತಗ ಅಕ್ಷರ ಕೇಳ್ತೀರೇನು?"

ಅಲ್ಲಿಗೆ ಮುಗಿಯಿತು. ಮನೆಗೆ ಬಂದವನೇ ತೀರ್ಪು ಕೊಟ್ಟ. ಚೆಂಬು ತಿಕ್ಕುವುದನ್ನು ಕಲಿಯಲು ಶಾಲೆ ಏಕೆ? ಬಾಲಮ್ಮ ಎರಡು ದಿನ ವಾದಿಸಿದಳು, ಮೂರನೆಯ ದಿನ ಸುಮ್ಮನಾದಳು. ಶಾಲೆ ಬೇಡವೆಂದು ರತ್ನಾಬಾಯಿಗೆ ಒಂದು ಕಾಗದ; ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ತವರೂರು ಅಬ್ಬೆತುಮಕೂರಿನ ಮಠದಲ್ಲಿ ಕಲಿತ ದುಂಡನೆಯ ಬರಹ ಅವಳದು. ಮನೆಯ ಕಾಗದಪತ್ರವನ್ನೆಲ್ಲ ಅವಳೇ ಬರೆಯಬೇಕು, ಪತ್ರಿಕೆಯನ್ನೂ ಅವಳೇ ಜೋರಾಗಿ ಓದಬೇಕು. ಹೆಂಡತಿಯ ವಿದ್ಯೆಗೆ ತುಕ್ಕು ಹಿಡಿಯಬಾರದೆಂದು ಭಗವಂತರಾಯ ಮಾಡಿದ್ದ ಏರ್ಪಾಟು ಅದು. ಇಂಥ ಗಂಡ ಸಿಗಬೇಕಲ್ಲ ಎಂದು ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು.

"ಒಮ್ಮೆ ಓದಿ ನೋಡ್ರಿ," ಎಂದಿದ್ದಳು ಅವಳು. "ತಪ್ಪಿದ್ರ ಈಗ ಹೇಳಿಬಿಡ್ರಿ."

ಅವನು ಕಾಗದವನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದ. "ಸರಿ ಐತಿ," ಎಂದು ಬಲದಿಂದ ಎಡಕ್ಕೆ ಒಂದೇ ಎಳೆತದಲ್ಲಿ ಸಹಿ ಹಾಕಿದ. ಮರುದಿನ ಅವಳೇ ಒಯ್ದು ಕೊಟ್ಟು ಬಂದಳು.

ಈಗ ನೋಡಿದರೆ ಈ ಗುಂಡಿಗಳು.

ಅಂದು ಕಚೇರಿಯಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಇತ್ತೀಚೆಗೆ ಅವನ ಮೇಜಿನ ಮೇಲೆ ಕನ್ನಡದ ಅರ್ಜಿಗಳು ರಾಶಿ ಬಿದ್ದಿದ್ದವು. ಯುಗಾದಿಯೊಳಗೆ ಅವು ಖಾಲಿಯಾಗದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂಡಿಸುವುದಾಗಿ ತಹಶೀಲ್ದಾರರು ಎಚ್ಚರಿಸಿದ್ದರು. ಆ ಚಿಂತೆಯಲ್ಲಿ ಇವನ ನಿದ್ದೆ ಕೆಟ್ಟಿದ್ದರೆ, ಮನೆಯಲ್ಲಿ ಇಂಥ ನಾಟಕ! ಮಧ್ಯಾಹ್ನ ಎದ್ದು ಮನೆಗೆ ಬಂದ. ಬಾಗಿಲಿಗೆ ಬೀಗ. ನೇರ ಶಾಲೆಗೆ ನಡೆದ.

ರೇಣಮ್ಮ ಚಾಪೆಯ ಮೇಲೆ ಕೂತು ಉಸುಕಿನ ಅಕ್ಷರ ಸವರುತ್ತಿದ್ದಳು. ಪಡಸಾಲೆಯ ಮೂಲೆಯಲ್ಲಿ ಬಾಲಮ್ಮ. ಹತ್ತು ವರ್ಷದ ಸಂಸಾರ. ಲೋಕದಲ್ಲಿ ಇವಳೊಬ್ಬಳನ್ನು ಕಣ್ಣು ಮುಚ್ಚಿ ನಂಬಿದ್ದ. ಇವಳೇ ನಂಬಿಸಿ ಕುತ್ತಿಗೆ ಕೊಯ್ದಳು. ಅವಳನ್ನು ಬಿಟ್ಟು ರತ್ನಾಬಾಯಿಯ ಮೇಲೆ ಹರಿಹಾಯ್ದ.

"ಬ್ಯಾಡಂತ ನಾ ಸಹಿ ಮಾಡಿ ಕಳಿಸೀನಿ. ಯಾರನ್ನ ಕೇಳಿ ಸೇರಿಸ್ಕೊಂಡ್ರಿ?"

ಅವಳು ಬೆಚ್ಚಲಿಲ್ಲ. ಪೆಟ್ಟಿಗೆಯಿಂದ ಕಾಗದ ತೆಗೆದು ಅವನ ಕೈಗಿಟ್ಟಳು. "ನೀವು ಕೊಟ್ಟದ್ದ ಐತಿ, ನೋಡ್ರಿ. ಒಂದು ತಿಂಗಳಾತು, ನಾ ನಿಮ್ಮ ದಾರೀನ ಕಾಯಾಕತ್ತೀನಿ."

ಕೆಳಗಿದ್ದದ್ದು ಅವನದೇ ಸಹಿ. ಅವನು ಕಾಗದವನ್ನು ಮೇಲಿಂದ ಕೆಳಗೆ ನೋಡಿದ. ಮತ್ತೊಮ್ಮೆ ನೋಡಿದ. ಕೊನೆಗೆ ದಿನದ ರೂಢಿಯಂತೆ ಅದನ್ನು ಹೆಂಡತಿಯ ಕಡೆ ಚಾಚಿದ.

"ಓದು."

ಬಾಲಮ್ಮ ತಲೆ ತಗ್ಗಿಸಿ, ಮಗಳಿಗೆ ಕೇಳದಂತೆ ಮೆಲ್ಲಗೆ ಓದಿದಳು: "ನನ್ನ ಮಗಳು ರೇಣಮ್ಮನನ್ನು ಶಾಲೆಗೆ ಸೇರಿಸಿಕೊಳ್ಳಬೇಕು, ಸಂಜೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಉರ್ದು ಬಿಟ್ಟು ಬೇರೆ ಅಕ್ಷರ ಬಾರದ ನನ್ನನ್ನೂ."