ಕೊನೆಯಿಂದ ಎರಡನೆಯದು

ಭಾವೀ ಸೊಸೆ ಪೋಲೆಂಡಿನವಳು. ಅವಳ ಅಜ್ಜಿ ಮದುವೆಯ ಮಾತಿಗೆ ಬರುವ ಮುನ್ನ, ಸಂಗೀತದ ಟೀಚರ್ ಅಂಬುಜಾಕ್ಷಿಗೆ ಮಗ ಉದ್ದನೆಯದೊಂದು ವಿಶೇಷಣ ಕಲಿಸಿದ: 'ನಾಯುಕೊಖಾನ್ಶಾ', ಅಂದರೆ 'ಎಲ್ಲರಿಗಿಂತ ಪ್ರೀತಿಯ'.

"ಐದು ತುಂಡು ಮಾಡಮ್ಮ. ಒತ್ತು ಕೊನೆಯಿಂದ ಎರಡನೇದಕ್ಕೆ. ಅಜ್ಜಿ ಸ್ಕೂಲಲ್ಲಿ ಪೋಲಿಷ್ ಕಲಿಸ್ತಿದ್ದೋರು, ತಪ್ಪು ಸಹಿಸಲ್ಲ."

"ತಾಳ ಹಾಕ್ಕೊಂಡ್ರೆ ಯಾಕೆ ತಪ್ಪತ್ತೋ?"

ವಾರವಿಡೀ ಒಗ್ಗರಣೆ ಹಾಕುವಾಗಲೂ ಅಭ್ಯಾಸ ನಡೆಯಿತು. ಮೊದಲ ಮೂರು ತುಂಡಿಗೆ ಬೆರಳೆಣಿಕೆ, ನಾಲ್ಕನೆಯದಕ್ಕೆ ತೊಡೆಯ ಮೇಲೊಂದು ಪೆಟ್ಟು. ಐದನೆಯದು ತಾನಾಗಿಯೇ ಬರುತ್ತಿತ್ತು.

ಅಜ್ಜಿ ಬಿಗಿದ ಮುಖದಲ್ಲೇ ಒಳಗೆ ಬಂದರು. ಅಂಬುಜಾಕ್ಷಿ ಎದುರು ನಿಂತು, ಬೆರಳು ಎಣಿಸಿ, ಪಟ್ಟೆಂದು ತೊಡೆ ತಟ್ಟಿ, ಒತ್ತು ಒಂದಿಷ್ಟೂ ಜಾರದಂತೆ ಪದ ಒಪ್ಪಿಸಿದಳು. ಅಜ್ಜಿಯ ಮುಖ ಅರಳಿತು. ಕಣ್ಣು ಮಾತ್ರ ಅವಳ ಕೈಯನ್ನೇ ನೋಡುತ್ತಿತ್ತು.

"ಅಜ್ಜಿಗೆ ನಮ್ಮ ಪದ್ಧತಿ ಎಲ್ಲ ಬೇಗ ಕಲೀಬೇಕಂತೆ" ಎಂದ ಮಗ.

ಅಷ್ಟರಲ್ಲಿ ಅಂಬುಜಾಕ್ಷಿಯ ಹಿರಿಯ ಭಾವ ಒಳಕೋಣೆಯಿಂದ ಹೊರಗೆ ಬಂದರು. ಈ ಸಂಬಂಧವೇ ಬೇಡವೆಂದು ಮೂರು ತಿಂಗಳು ಜಗಳ ಕಾದವರು, ಇವತ್ತು ಒಲ್ಲದ ಮನಸ್ಸಿನಿಂದಲೇ ಕೈ ಜೋಡಿಸಿದರು.

ಅಜ್ಜಿ ಎರಡು ಹೆಜ್ಜೆ ಮುಂದೆ ಬಂದು, ಅವರ ಕಣ್ಣಲ್ಲಿ ಕಣ್ಣಿಟ್ಟು, ಪಟ್ಟೆಂದು ತೊಡೆ ತಟ್ಟಿದರು.