ಒತ್ತುತ್ತಲೇ ಇರಿ

ಆಂಬುಲೆನ್ಸಿಗೆಂದು ಬರುವ ಫೋನ್ ಎತ್ತುವುದು ಅವಳ ಕೆಲಸ. ಆ ಒಂದು ಕರೆಯ ನಂತರ ನಿದ್ದೆ ಹಾರಿಹೋಗಿತ್ತು. ರೊಟ್ಟಿ ಬಡಿಯುವಾಗಲೂ ಮೆಟ್ಟಿಲು ಹತ್ತುವಾಗಲೂ ಬಾಯಿ ತಾನಾಗಿ ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು. ಆಫೀಸಿನವರು ರಜೆ ಕೊಟ್ಟರು, ಡಾಕ್ಟರು ಮಾತ್ರೆ ಕೊಟ್ಟರು. ಕೊನೆಗೆ ಅವಳು ಆ ಕರೆ ಮಾಡಿದ್ದ ಅಜ್ಜಿಯ ಮನೆಯನ್ನೇ ಹುಡುಕಿಕೊಂಡು ಹೋದಳು.

"ಅವತ್ತು ಫೋನಿನ್ಯಾಗ ಮಾತಾಡಿದಾಕಿ ನಾನ ರೀ, ಅಮ್ಮಾ."

ಅಜ್ಜಿ ಚಾಪೆ ಹಾಸಿ ನೀರು ಕೊಟ್ಟಳು. ಅಂದು ಉಳುಕಿದ್ದ ಅಜ್ಜಿಯ ಮಣಿಕಟ್ಟಿಗೆ ಇನ್ನೂ ಬಟ್ಟೆ ಸುತ್ತಿತ್ತು. ಅದನ್ನು ಕಂಡ ಹುಡುಗಿ ಲೋಟ ಕೆಳಗಿಟ್ಟಳು.

"ಚಾ ಕೊಡಾಕ ಎಬ್ಬಿಸಿದ್ರ ಯಜಮಾನ್ರು ಏಳವಲ್ರು ಅಂದ್ರಿ. ಬಾಯಿ ತೆಗದು ನೋಡ್ರಿ ಅಂದೆ. ದವಡಿ ಬಿಗದೈತಿ, ತೆಗಿಯಾಕ ಬರವಲ್ದು ಅಂದ್ರಿ. ಜೀವ ಹೋಗಿ ಭಾಳ ಹೊತ್ತಾಗೈತಿ ಅಂತ ನನಗ ಆಗಲೇ ತಿಳೀತ್ರಿ."

"ಮತ್ತ ಎದಿ ಒತ್ತು ಅಂತ ಯಾಕ ಅಂದಿ?"

"ಸತ್ತಾರ ಅಂತ ಫೋನಿನ್ಯಾಗ ನಾವು ಹೇಳೂ ಹಂಗಿಲ್ರಿ. ಡಾಕ್ಟರ ಹೇಳಬೇಕು. ಗಾಡಿ ಬರೂ ತನಕ ನಾವು ಎಣಸಬೇಕು, ಮನಿಯವರು ಒತ್ತಬೇಕು." ಅವಳು ತಲೆ ತಗ್ಗಿಸಿದಳು. "ಸತ್ತ ಗಂಡನ ಎದಿ ನಿಮ್ಮ ಕೈಲೆ ಒತ್ತಿಸಿದೆ. ನೀವು ಒಮ್ಮೆನೂ ಸಾಕು ಅನ್ನಲಿಲ್ಲ. ಅದ ನನ್ನ ಕಾಡತೈತ್ರಿ."

ಅಜ್ಜಿ ಹತ್ತಿರ ಸರಿದು ಅವಳ ಕೈ ಹಿಡಿದಳು.

"ಮುಟ್ಟಿದ ಕೂಡ್ಲೇ ನನಗೂ ಗೊತ್ತಾಗಿತ್ತವ್ವಾ. ಆದ್ರ ಎಣಸೂವಾಗ ನಿನ್ನ ದನಿ ನಡುಗಾಕ ಹತ್ತಿತ್ತು. ಸಣ್ಣ ಹುಡುಗಿ ಅಂಜತಾಳ, ಹ್ಯಾಂಗ ಹೇಳಲಿ ಅಂತ ಒತ್ತಕೋತನ ಕುಂತೆ."