ತಾಮ್ರದ ತಂಬಿಗೆಗಳು

"ಇಷ್ಟೊಂದು ತಂಬಿಗಿ ಯಾತಕ್ಕ ಬೇಕಾಗ್ಯಾವು ಇವರಿಗೆ?"

ಗಂಗಾದೇವಿ ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದವಳಿಗೆ ಅಂಗಳದಲ್ಲಿ ಬೆಳಗಾವಿಯ ಜೀಪು ನಿಂತದ್ದು ಕಂಡಿತು. ಆಳುಗಳು ಅದರಿಂದ ಹೊಸ ತಾಮ್ರದ ತಂಬಿಗೆಗಳನ್ನು ಇಳಿಸಿ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಒಂದೊಂದರ ಕೊರಳಿಗೂ ಪಕ್ಷದ ಬಣ್ಣದ ರಿಬ್ಬನ್ನು ಕಟ್ಟಿತ್ತು.

ಆಕೆಯ ಗಂಡ, ಲೋಕಸಭಾ ಸದಸ್ಯ ಗುರುಪಾದಪ್ಪ, ಹಿಂದಿನ ತಿಂಗಳು ಅಧಿವೇಶನಕ್ಕೆಂದು ಹೊರಟವರು ಲೋಂಡಾ ಸ್ಟೇಷನ್ನಿನ ಬಾಕಿನ ಮೇಲೆ ಕುಳಿತಲ್ಲೇ ಲಿಂಗೈಕ್ಯರಾಗಿದ್ದರು. ಅವಧಿ ಅರ್ಧವೂ ಮುಗಿದಿರಲಿಲ್ಲ. ತೆರವಾದ ಸ್ಥಾನಕ್ಕೆ ಉಪಚುನಾವಣೆ ಬಂತು. ಟಿಕೆಟ್ಟು ಮೈದುನನ ಮಗ ವಿನಯನಿಗೇ ಎಂದು ಖಾನಾಪುರದ ಚಹಾದಂಗಡಿಗಳೆಲ್ಲ ತೀರ್ಮಾನಿಸಿಬಿಟ್ಟಿದ್ದವು. ಗಂಗಾದೇವಿಗೂ ಅದೇ ಆಸೆ. ತಾಯಿಯಿಲ್ಲದ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ವಚನ ಹೇಳಿಕೊಟ್ಟು ಬೆಳೆಸಿದವಳು ಅವಳೇ.

ಜೀಪಿನಲ್ಲಿ ವಿನಯನ ಜೊತೆ ಬಂದವರು ಪಕ್ಷದ ದಿಲ್ಲಿಯ ವೀಕ್ಷಕರು. ಯಾರಿಗೆ ಟಿಕೆಟ್ಟು ಎಂಬ ವರದಿ ಅವರ ಕೈಯಲ್ಲಿತ್ತು. "ಬರ್ರಿ, ಕುಂದರ್ರಿ" ಎಂದು ಗಂಗಾದೇವಿ ಚಾಪೆ ಹಾಸಿದಳು. ಅವರು ಕೈಮುಗಿದು ಹಿಂದಿಯಲ್ಲಿ ಮಾತು ತೆಗೆದರು, ವಿನಯ ಕನ್ನಡಕ್ಕೆ ತಿರುಗಿಸತೊಡಗಿದ. ಅಗಲಿದ ನಾಯಕರ ಚಿತಾಭಸ್ಮವನ್ನು ಜಾಂಬೋಟಿಯಿಂದ ಮೊದಲುಮಾಡಿ ಊರೂರಿಗೆ ಮೆರವಣಿಗೆಯಲ್ಲಿ ಒಯ್ಯುವುದು, ಅದರ ಹಿಂದೆ ಅಭ್ಯರ್ಥಿ ಬರಿಗಾಲಲ್ಲಿ ನಡೆಯುವುದು ಎಂದು ಬೆಳಗಾವಿಯ ಪಕ್ಷದ ಸಭೆಯಲ್ಲಿ ತೀರ್ಮಾನವಾಗಿತ್ತಂತೆ.

"ಬೂದಿ ಎಲ್ಲಿಂದ ಬಂತಪಾ?" ಎಂದಳು ಗಂಗಾದೇವಿ. "ನಿಮ್ಮ ದೊಡ್ಡಪ್ಪನ್ನ ಸುಟ್ಟೇವೇನು ನಾವು?"

ವಿನಯ ತಲೆ ತಗ್ಗಿಸಿದ. ಆ ಸಭೆಯಲ್ಲಿ ಈ ಮಾತು ಎದ್ದಾಗ ಅವನು ಮುಂದಿನ ಸಾಲಿನಲ್ಲೇ ಕುಳಿತಿದ್ದ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ ಎಂದು ಹೇಳಬೇಕಾದವನು ಅವನೊಬ್ಬನೇ. ಹೇಳಿರಲಿಲ್ಲ.

"ಎಲ್ಲಾರೂ ಚಪ್ಪಾಳಿ ತಟ್ಟಾಕತ್ತಿದ್ರು, ದೊಡ್ಡವ್ವ. ನಡುವ ಬಾಯಿ ಹಾಕಾಕ ಆಗಲಿಲ್ಲ."

ಈಗ ಹೇಳಬೇಕಾಯಿತು. ವೀಕ್ಷಕರು ಕೇಳಿಕೊಂಡರು, ಕಟ್ಟೆಯ ಮೇಲಿನ ತಂಬಿಗೆಗಳತ್ತ ಒಮ್ಮೆ ನೋಡಿದರು, ಆಮೇಲೆ ಸಣ್ಣ ದನಿಯಲ್ಲಿ ಏನೋ ಅಂದರು. ದೊಡ್ಡಪ್ಪನ ಸಮಾಧಿಯ ಮಣ್ಣೂ ಅಷ್ಟೇ ಪವಿತ್ರ, ಒಂದೊಂದು ಹಿಡಿ ತುಂಬಿಸಿಕೊಟ್ಟರೆ ಜನ ದರ್ಶನ ಮಾಡಿ ಧನ್ಯರಾಗುತ್ತಾರೆ ಎಂದು ವಿನಯ ತಿಳಿಸಿದ. ಆದರೆ ಹುಟ್ಟಿದಾಗಿನಿಂದ ಮರಾಠಿ ಕೇಳಿ ಬೆಳೆದ ಗಂಗಾದೇವಿಗೆ ಹಿಂದಿ ತಿಳಿಯದ್ದೇನಲ್ಲ. ಅವರು ಅಂದದ್ದು ಬೇರೆಯೇ ಇತ್ತು: ಮಣ್ಣಾದರೂ ನಡೆಯುತ್ತದೆ, ದುಃಖ ಹಸಿಯಿರುವಾಗಲೇ ಊರೂರು ತಿರುಗಿಸಬೇಕು, ಒಣಗಿದ ಮೇಲೆ ಅದಕ್ಕೆ ಮತ ಬೀಳುವುದಿಲ್ಲ.

ಆಕೆಯನ್ನು ಒಪ್ಪಿಸುವುದನ್ನು ವಿನಯನಿಗೆ ಬಿಟ್ಟು ವೀಕ್ಷಕರು ಎದ್ದು ಜೀಪಿನ ಕಡೆ ಹೋದರು. ವಿನಯ ಹತ್ತಿರ ಸರಿದು ಆಕೆಯ ಪಾದದ ಬಳಿ ಕುಳಿತ. ಟಿಕೆಟ್ಟಿಗೆ ಕಾದು ಕುಳಿತ ಪಕ್ಷದ ಇನ್ನೊಬ್ಬ ಮುಖಂಡ ಮಾಯಪ್ಪನ ಹೆಸರೂ ದಿಲ್ಲಿಗೆ ಹೋಗಿದೆ ಎಂದ. ಇವತ್ತು ತಂಬಿಗೆಗಳು ಬರಿದೇ ಬೆಳಗಾವಿಗೆ ತಿರುಗಿದರೆ ಟಿಕೆಟ್ಟು ಅವನದೇ. ದೊಡ್ಡಪ್ಪ ಜೀವ ಸವೆಸಿದ ಜಾಗ ಬೇರೆ ಮನೆಗೆ ಹೋಗುತ್ತದೆ.

"ಬರೇ ಮಣ್ಣು, ದೊಡ್ಡವ್ವ. ನಿನ್ನ ಕೈಲೆ ಕೊಡು, ಸಾಕು."

ಗಂಗಾದೇವಿಯ ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. ಆ ದಿನ ಹೊಲದಲ್ಲಿ ಗುರುಪಾದಪ್ಪನವರನ್ನು ಅಂಗೈಯಲ್ಲಿ ಲಿಂಗವಿಟ್ಟು ಪದ್ಮಾಸನದಲ್ಲಿ ಕೂರಿಸಿದಾಗ ಕುಣಿಯೊಳಗೆ ಇಳಿದವನು ಇವನೇ. ಬಿಲ್ವಪತ್ರೆ ಬಿತ್ತು, ವಿಭೂತಿ ಬಿತ್ತು, ಬಳಗದವರ ಹಿಡಿ ಹಿಡಿ ಮಣ್ಣು ಬಿತ್ತು. ಇವನು ಅಳುತ್ತಲೇ ದೊಡ್ಡಪ್ಪನ ತಲೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನಿಂತಿದ್ದ. ಮಣ್ಣು ಕೊರಳಿಗೆ ಬಂದು, ತಲೆ ತಾನೇ ನಿಂತ ಮೇಲೆ ಕೈ ಬಿಟ್ಟು ಮೇಲೆ ಬಂದಿದ್ದ.

"ತಲಿ ವಾಲಬಾರದಂತ ನೀನ ಹಿಡಕೊಂಡು ನಿಂತಿದ್ದಿ, ವಿನಯಾ. ನೀ ಕೈ ಬಿಟ್ಟ ಮ್ಯಾಲೆ ಅವರನ್ನ ಹಿಡದದ್ದು ಆ ಮಣ್ಣು. ಅದನ್ನ ತಗದರ ಇನ್ಯಾರು ಹಿಡೀಬೇಕೋ?"

ಹೊರಗೆ ಜೀಪು ಶುರುವಾಯಿತು. ವೀಕ್ಷಕರು ಬಾಗಿಲಿಗೆ ಬಂದು, ಏನಾಯಿತು ಎಂಬಂತೆ ಹುಬ್ಬು ಏರಿಸಿದರು.

"ಸಾಹೇಬ್ರಿಗೆ ಏನಂತ ಹೇಳಲಿ?" ಎಂದು ವಿನಯ ನೆಲ ನೋಡುತ್ತ ಕೇಳಿದ.

"ಚಂದ ಮಾಡಿ ಹೇಳಾಕ ಹೋಗಬ್ಯಾಡ," ಎಂದಳು ಗಂಗಾದೇವಿ. "ಕೊಡೂದಿಲ್ಲ ಅನ್ನು."